ಇವತ್ತು ಮೇಸ್ತ್ರಿ ಯಾರು?

ಚಿಕ್ಕಮಗಳೂರಿಗೆ ಬಂದ ಮರುದಿನ ಬೆಳಿಗ್ಗೆ ಸಾಮಾನಿನ ಗಂಟು ಬಿಚ್ಚುತ್ತಿದ್ದೆ. ಪಕ್ಕದ ಮನೆಯ ಲಿಲ್ಲಿ ಬಾಯಿ ಬಾಗಿಲಿಗೆ ಬಂದರು. ನನ್ನದೇ ವಯಸ್ಸು, ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಕೈಯಲ್ಲೊಂದು ತಟ್ಟೆ. ತಟ್ಟೆಯಲ್ಲಿ ಕೇಕಿನ ತುಂಡುಗಳು, ಪಕ್ಕದಲ್ಲಿ ಸಣ್ಣ ಗಾಜಿನ ಲೋಟದಲ್ಲಿ ಕೆಂಪಗಿನ ಏನೋ ಒಂದು.

"ಕುಡೀರಿ, ಈ ಚಳಿಗೆ ಒಳ್ಳೇದು," ಎಂದರು.

ಕೋಕಂ ಪಾನಕ ಇರಬೇಕೆಂದು ಒಂದು ಗುಟುಕು ಕುಡಿದೆ. ಗಂಟಲಿನಿಂದ ಎದೆಯವರೆಗೆ ಬೆಚ್ಚಗೆ ಒಂದು ಗೆರೆ ಎಳೆದಂತಾಯಿತು.

"ಏನ್ರಿ ಇದು?"

"ದ್ರಾಕ್ಷಿ ವೈನು. ನಾನೇ ಮಾಡಿದ್ದು. ಹೋದ ವರ್ಷದ್ದು, ಚೆನ್ನಾಗಿ ಬಂದಿದೆ."

ಉಪ್ಪಿನಕಾಯಿಯ ಬಗ್ಗೆ ಹೇಳುವ ದನಿಯಲ್ಲೇ ಹೇಳಿದರು. ನಾನು ಲೋಟ ಕೆಳಗಿಟ್ಟು ಮೊದಲು ನೋಡಿದ್ದು ರಸ್ತೆಯನ್ನು. ಬಾಗಿಲು ತೆರೆದಿತ್ತು, ಯಾರಾದರೂ ಕಂಡರೆ ಏನು ಗತಿ ಎಂದು. ರಸ್ತೆಯಲ್ಲಿ ಮಂಜು ಬಿಟ್ಟರೆ ಯಾರೂ ಇರಲಿಲ್ಲ. ಲಿಲ್ಲಿ ಬಾಯಿ ನನ್ನ ಮುಖ ನೋಡಿ ನಕ್ಕರು. "ಬೇಡ ಅಂದ್ರೆ ಬಿಡಿ. ಕೇಕ್ ತಿನ್ನಿ. ಅದರಲ್ಲಿ ಇಲ್ಲ."

ಇದನ್ನು ಓದುವ ನೀವೂ ನನ್ನ ಹಾಗೆ ಬಾಗಲಕೋಟೆ ಕಡೆಯವರು, ನಾನು ಯಾಕೆ ಬೆಚ್ಚಿದೆನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕುಡಿತಕ್ಕೆ ಹೆಸರೇ ಇಲ್ಲ. ಗಂಡಸರು ಕಾರ್ಯದ ಮನೆಯಲ್ಲಿ ಮಾತಾಡುತ್ತ ಕುಳಿತವರು ಒಬ್ಬೊಬ್ಬರಾಗಿ ಎದ್ದು ಜೋಳದ ಬಣವಿಯ ಹಿಂದೆ ಹೋಗುತ್ತಾರೆ. ನಿಂತುಕೊಂಡೇ ಒಂದೇ ಸಲಕ್ಕೆ ಗಂಟಲಿಗೆ ಸುರಿದು, ಲವಂಗ ಕಡಿದು, ಬಾಯಿ ಒರೆಸಿಕೊಂಡು ಮತ್ತೆ ಬಂದು ಕೂಡುತ್ತಾರೆ. ಹೆಂಗಸರು ನೋಡಿರುತ್ತಾರೆ, ನೋಡಿಲ್ಲದವರ ಹಾಗೆ ಬಡಿಸುತ್ತಾರೆ. ನಾನು ಇಡೀ ನೌಕರಿಯನ್ನು ಆ ಕಡೆಯ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕಳೆದವಳು. ಕುಡಿದು ಬಿದ್ದವನನ್ನು ಗಾಡಿಯಲ್ಲಿ ಹಾಕಿಕೊಂಡು ಬರುವವರು "ಬಿಸಿಲು ಹೊಡದೈತ್ರಿ" ಎನ್ನುತ್ತಿದ್ದರು. ಮಳೆಗಾಲದಲ್ಲೂ ಅದೇ ಮಾತು. ನಾವು ಬಗ್ಗಿ ಮೂಸಿ ನೋಡಿ ಔಷಧ ಕೊಡುತ್ತಿದ್ದೆವು. ಎಷ್ಟೋ ಸಲ ಅವರು ಸುಳ್ಳು ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ನಾನು ಇಲ್ಲಿಗೆ ಬಂದದ್ದು ಮಗಳ ಬ್ಯಾಂಕ್ ನೌಕರಿಯ ಬೆನ್ನಿಗೆ. ಅವಳಿಗೆ ಮತ್ತೆ ವರ್ಗವಾಯಿತು. ಅವಳು ಹೋದಳು, ನಾನು ಉಳಿದೆ. ಬಾಡಿಗೆಗೆ ಹಿಡಿದ ಮನೆ ದೊಡ್ಡದಿತ್ತು. ಮಾಲೀಕರನ್ನು ಕೇಳಿ, ಮಹಡಿಯ ಮೇಲಿನ ಕೋಣೆಗಳನ್ನು ಕಾಲೇಜು ಹುಡುಗರಿಗೆ ಕೊಟ್ಟು ಊಟ ಹಾಕತೊಡಗಿದೆ. ಒಬ್ಬಳೇ ಉಣ್ಣುವುದಕ್ಕಿಂತ ಅದು ಮೇಲು.

ಮೊದಲ ಮಳೆಗಾಲ ನನ್ನ ಶಿಸ್ತನ್ನೆಲ್ಲ ಪರೀಕ್ಷೆ ಮಾಡಿತು. ನಮ್ಮಲ್ಲಿ ಒಗೆದ ಬಟ್ಟೆ ಹಿಂಡಿ ಹಾಕಿ ಒಳಗೆ ಬರುವಷ್ಟರಲ್ಲಿ ಒಣಗಿರುತ್ತದೆ. ಇಲ್ಲಿ ಬಟ್ಟೆ ಹಗ್ಗದ ಮೇಲೆ ವಾರಗಟ್ಟಲೆ ಸಂಸಾರ ಮಾಡುತ್ತದೆ. ಉಪ್ಪಿನ ಡಬ್ಬಿಯಲ್ಲಿ ನೀರು ನಿಂತಿತು. ಟ್ರಂಕಿನಲ್ಲಿಟ್ಟ ಚಪ್ಪಲಿಗೆ ಹಸಿರು ಬೂಜು ಬಂತು. ಜೋಳದ ಹಿಟ್ಟು ಊರಿಂದ ಬಸ್ಸಿನಲ್ಲಿ ತರಿಸಿದರೆ ತಿಂಗಳು ತುಂಬುವ ಮೊದಲೇ ಮುಗ್ಗಲು ವಾಸನೆ. ಅಂಗಡಿಯಲ್ಲಿ ಉಳ್ಳಾಗಡ್ಡಿ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿ, ಒಂದೊಂದೇ ಸಾಮಾನಿನ ಮೇಲೆ ಬೆರಳಿಡುತ್ತ ಹೋಗಿ ಈರುಳ್ಳಿಯ ಹತ್ತಿರ ನಿಂತರು. ಸಂಜೆ ದೀಪ ಹಚ್ಚಿ ಕುಳಿತರೆ ಹಂಚಿನ ಮೇಲೆ ಮಳೆ ಒಂದೇ ಸಮನೆ ಬೀಳುವ ಸದ್ದು. ಮಾತಾಡಿದರೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಆ ಹೊತ್ತಿಗೆ ಮಹಡಿಯಿಂದ ಯಾರಾದರೂ "ಸಿಸ್ಟರಮ್ಮ, ಊಟಕ್ಕೆ ಬರ್ಲಾ?" ಎಂದು ಕೂಗಿದರೆ ಎಷ್ಟು ಹಿತವಾಗುತ್ತಿತ್ತೆಂದು ಆ ಹುಡುಗರಿಗೆ ನಾನು ಎಂದೂ ಹೇಳಿಲ್ಲ. ಹೇಳಿದರೆ ತಡವಾಗಿ ಬರಲು ಶುರು ಮಾಡುತ್ತಾರೆ.

ನಿಯಮಗಳಂತೂ ಇದ್ದವು. ಹಾಸಿಗೆ ಮಡಚದವರಿಗೆ ಚಹಾ ಇಲ್ಲ. ಒದ್ದೆ ಕಾಲಲ್ಲಿ ಒಳಗೆ ಬಂದವರೇ ನೆಲ ಒರೆಸಬೇಕು. ಈ ಮನೆಯೊಳಗೆ ಬೀಡಿ, ಸಿಗರೇಟು, ಬಾಟಲಿ ಬರಕೂಡದು. ಹುಡುಗರು ಗೊಣಗಿದರು, ಒಪ್ಪಿಕೊಂಡರು.

ಅವರಲ್ಲಿ ಚೇತನ್ ಎಂಬವನು ಕಳಸದ ಹತ್ತಿರದ ಸಂಸೆಯವನು. ಅಪ್ಪ ಜೀಪು ಓಡಿಸುತ್ತಾರೆ, ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. ಮೊದಲ ದಿನ ನನ್ನ ಜೋಳದ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ಮುರಿದು ನೋಡಿದವನು, ಈಗ ಎಣ್ಣೆಗಾಯಿ ಮಾಡಿದ ದಿನ ಪಾತ್ರೆಯ ತಳ ಕಾಣುವವರೆಗೆ ಏಳುವುದಿಲ್ಲ. ಪರಸ್ಥಳದಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಇನ್ನೊಬ್ಬ ಶಿವು, ನನ್ನ ಅಣ್ಣನ ಮೊಮ್ಮಗ. ನನಗೆ ಆಯಿ ಎನ್ನುತ್ತಾನೆ. ಇಂಜಿನಿಯರಿಂಗ್ ಸೀಟು ಇಲ್ಲಿಯೇ ಸಿಕ್ಕಿದ್ದರಿಂದ ನನ್ನ ಹತ್ತಿರ ಬಂದ. ಬಿಟ್ಟು ಹೋಗಲು ಬಂದ ಅವನ ಅಪ್ಪ ಮಹಾಂತೇಶ, ನಾನು ಎತ್ತಿ ಆಡಿಸಿದ ಹುಡುಗ, ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಒಂದೇ ಮಾತು.

"ಅತ್ತಿ, ಈ ಕಡೆ ಹುಡುಗರು ಕುಡೀತಾರಂತ. ಇಂವನ ಬಾಯಾಗಿಂದ ಒಂದ ಸಲ ವಾಸನಿ ಬಂದ್ರ ಸಾಕು, ಅವತ್ತಿಗೆ ಓದು ಬಂದ್. ಊರಿಗೆ ಕರಕೊಂಡು ಹೋಗಿ ಅಂಗಡ್ಯಾಗ ಕೂಡಸ್ತೀನಿ."

ಶಿವು ಅದನ್ನು ಕೇಳಿಸಿಕೊಂಡ. ನೆಲ ನೋಡುತ್ತ ನಿಂತಿದ್ದ.

ಒಂದು ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಬೂಟಿನ ಸದ್ದು. ಒಬ್ಬ ಕೇಳಿದ: "ಇವತ್ತು ಮೇಸ್ತ್ರಿ ಯಾರೋ?"

"ಹೋದ ಸಲ ನಾನು. ಈ ಸಲ ಚೇತನ್."

"ಅಯ್ಯೋ, ನಂಗೇ ಯಾವಾಗ್ಲೂ ಬರತ್ತಲ್ಲ ಮಾರಾಯ!"

"ಏನೋ ಅದು ಮೇಸ್ತ್ರಿ?" ಎಂದು ನಾನು ಒಳಗಿಂದಲೇ ಕೇಳಿದೆ. ಚೇತನ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಾಗುತ್ತದೆ. ಅಂದು ಅವನೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ.

ಕಾಫಿ ತೋಟದಲ್ಲಿ ಮೇಸ್ತ್ರಿ ಎಂದರೆ ಕೆಲಸದವರ ಮುಂದಾಳು. ಹಣ್ಣು ಕುಯ್ಯುವಾಗ ಗಿಡಗಳ ಸಾಲಿನೊಳಗೆ ಹೋದವರು ಹೋದರು. ಗಿಡ ಆಳೆತ್ತರ, ನೆಲ ಇಳಿಜಾರು, ಎರಡು ಮಾರು ಆಚೆಗೆ ಯಾರಿದ್ದಾರೆಂದು ಕಾಣುವುದಿಲ್ಲ. ಕಾಲು ಜಾರಿ ಬಿದ್ದರೂ ತಿಳಿಯದು, ಈಚೆಗೆ ಆನೆಯ ಹೆದರಿಕೆ ಬೇರೆ. ಹಾಗಾಗಿ ಮೇಸ್ತ್ರಿ ಆಗಾಗ "ಕೂ..." ಎಂದು ಉದ್ದಕ್ಕೆ ಕೂಗು ಹಾಕಿ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾನೆ. ಅವರು ಇದ್ದಲ್ಲಿಂದಲೇ "ಓ..." ಎನ್ನಬೇಕು. ಓಗೊಡದವರನ್ನು ಹುಡುಕಿಕೊಂಡು ಹೋಗುತ್ತಾರೆ. ಎಲ್ಲರ ದನಿ ಕೇಳುವವರೆಗೆ ಸಂಜೆಯ ಜೀಪು ಹೊರಡುವುದಿಲ್ಲ. ಚೇತನ್ ಅಮ್ಮನ ಬೆನ್ನಿಗೆ ತೋಟಕ್ಕೆ ಹೋಗುತ್ತ ಈ ಕೂಗು ಕೇಳಿಕೊಂಡೇ ಬೆಳೆದವನು.

ಮೊದಲ ವರ್ಷ ಇವರ ಗುಂಪು ಗುಡ್ಡಕ್ಕೆ ಹೋಗಿ ಕುಡಿದು, ವಾಪಸು ಬರುವಾಗ ಒಬ್ಬನನ್ನು ಮರೆತೇ ಬಂದಿತ್ತಂತೆ. ಅವನು ಮಳೆಯಲ್ಲಿ ಬಂಡೆಯ ಮೇಲೆ ಮಲಗಿದ್ದನ್ನು ಯಾರೋ ಪ್ರವಾಸಿಗರು ನೋಡಿ ಕರೆತಂದರು. "ಅವತ್ತೇ ತೀರ್ಮಾನ ಮಾಡಿದ್ವಿ ಸಿಸ್ಟರಮ್ಮ. ಎಲ್ಲೇ ಹೋಗಲಿ, ಒಬ್ಬ ಮೇಸ್ತ್ರಿ. ಅವನು ಕುಡಿಯೋ ಹಾಗಿಲ್ಲ. ಬೈಕಿನ ಕೀ ಎಲ್ಲಾ ಅವನ ಜೇಬಲ್ಲಿ. ಅನ್ನ ತಿಂದಾದ ಮೇಲೇ ಬಾಟಲಿ ತೆಗೆಯೋದು. ಆಗಾಗ ಕೂಗು ಹಾಕ್ತಾನೆ."

"ಕುಡದಾವರನ್ನ ಕರೀತೀರೇನು?"

"ಇಲ್ಲ, ಬಂದವರನ್ನೆಲ್ಲ. ಯಾರು ಕುಡಿದ್ರು ಅಂತ ಲೆಕ್ಕ ಇಡೋದು ಯಾರು? ತೋಟದಲ್ಲೂ ಹಂಗೇ ಅಲ್ವಾ."

ನಾನು ರೂಮು ಖಾಲಿ ಮಾಡಿಸಬಹುದಿತ್ತು. ಆಗ ಅವರು ಬೇರೆ ಮನೆಯಲ್ಲಿ ಇದ್ದುಕೊಂಡು ಕುಡಿಯುತ್ತಿದ್ದರು. ನನಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ರೋಗಿ ನಮ್ಮ ಹತ್ತಿರ ಸುಳ್ಳು ಹೇಳದ ಹಾಗೆ ನೋಡಿಕೊಳ್ಳುವುದೇ ವಾರ್ಡಿನ ಮೊದಲ ಕೆಲಸ ಎಂದು ಹೊಸ ನರ್ಸುಗಳಿಗೆ ನಾನೇ ಹೇಳಿಕೊಡುತ್ತಿದ್ದೆ. ಕುಡಿಯದೆ ಇರುವುದೇ ಎಲ್ಲಕ್ಕಿಂತ ಒಳ್ಳೆಯದು, ಕಾಯ್ದೆ ಹೇಳುವ ವಯಸ್ಸು ನಿಮ್ಮಲ್ಲಿ ಕೆಲವರಿಗೆ ಇನ್ನೂ ಆಗಿಲ್ಲ ಎಂದು ಖಡಾಖಂಡಿತ ಹೇಳಿದೆ. ಹೇಳಿಯಾದ ಮೇಲೆ, ನಿಮ್ಮ ಮೇಸ್ತ್ರಿಗೆ ಅರ್ಧ ಕೆಲಸ ಮಾತ್ರ ಗೊತ್ತಿದೆ, ಉಳಿದರ್ಧ ನಾನು ಕಲಿಸುತ್ತೇನೆ ಎಂದು ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿದೆ.

"ಚೇತನ್, ಮಲಕೋ."

"ನಾನು ಕುಡಿದಿಲ್ಲ ಸಿಸ್ಟರಮ್ಮ!"

"ಗೊತ್ತೈತಿ. ಎಚ್ಚರ ತಪ್ಪಿದಾವರಂಗ ಬೀಳು."

ಅವನನ್ನು ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ ಇಟ್ಟು, ಕೈಯನ್ನು ಕೆನ್ನೆಯ ಕೆಳಗೆ ಸೇರಿಸಿ, ಗದ್ದ ಸ್ವಲ್ಪ ಮೇಲೆ ಮಾಡಿದೆ. ಹೀಗೆ ಮಲಗಿಸಿದರೆ ವಾಂತಿಯಾದರೂ ಹೊರಗೆ ಹೋಗುತ್ತದೆ. ಅಂಗಾತ ಮಲಗಿದವನಿಗೆ ಅದೇ ಉಸಿರಿಗೆ ಅಡ್ಡ ಬರುತ್ತದೆ. ಚೇತನ್‌ಗೆ ಕಚಗುಳಿಯಾಗಿ ಕುಲುಕುಲು ನಗತೊಡಗಿದ.

"ನಗೂ ಪೇಷಂಟ್ ನಾ ಇವತ್ತಿಗೂ ನೋಡಿಲ್ಲ. ಸುಮ್ಮನ ಬೀಳು."

"ಕಡು ಕಾಫಿ ಕುಡಿಸಿದ್ರೆ ಇಳಿಯತ್ತಲ್ವಾ?" ಎಂದು ಇನ್ನೊಬ್ಬ ಕೇಳಿದ. "ನಮ್ಮನೇಲಿ ಎಲ್ಲರಿಗೂ ಅದೇ ಮಾಡೋದು. ಆಮೇಲೆ ಬಚ್ಚಲಲ್ಲಿ ಬಿಸಿನೀರು ಹುಯ್ಯೋದು."

"ಕಾಫಿ ಕುಡಿಸಿದ್ರ ಏನಾಗ್ತೈತಿ ಹೇಳ್ಲೇನು? ಕುಡುದು ಮಲಗಿದಾಂವ ಕುಡುದು ಎದ್ದು ಕೂಡ್ತಾನ. ನಂದೇನೂ ಇಲ್ಲ, ಗಾಡಿ ಕೀಲಿ ಕೊಡ ಅಂತಾನ. ಹೊಟ್ಟ್ಯಾಗಿನದು ಹೊಟ್ಟ್ಯಾಗ ಇರ್ತೈತಿ. ಬಿಸಿನೀರೂ ಬ್ಯಾಡ, ತಣ್ಣೀರೂ ಬ್ಯಾಡ. ಬಚ್ಚಲದಾಗ ಬಿದ್ದು ತಲಿ ಒಡಕೋತಾನ."

ಕಾಫಿ ಬೆಳೆಯುವ ಊರಿನಲ್ಲಿ ಕಾಫಿಗೆ ಇಂಥ ಅವಮಾನವನ್ನು ಯಾರೂ ಮಾಡಿರಲಿಲ್ಲವೆಂದು ಕಾಣುತ್ತದೆ. ಎಲ್ಲರ ಮುಖ ಸಣ್ಣಗಾಯಿತು.

ಎಬ್ಬಿಸಿದರೆ ಏಳದಿದ್ದರೆ, ಉಸಿರು ತಡೆತಡೆದು ಬಂದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ, "ಮಲಗಿ ಎದ್ದರೆ ಸರಿ ಹೋಗ್ತಾನೆ" ಎಂದು ಬಿಡಕೂಡದು; ೧೦೮ಕ್ಕೆ ಫೋನ್ ಮಾಡಬೇಕು, ಒಬ್ಬನನ್ನೇ ಬಿಟ್ಟು ಹೋಗಕೂಡದು ಎಂದು ಎರಡೆರಡು ಸಲ ಹೇಳಿಸಿ ಬಾಯಿಪಾಠ ಮಾಡಿಸಿದೆ. ಕೊನೆಗೆ ಹೇಳಿದೆ: "ಆಮ್ಯಾಲ ನನಗ ಫೋನ್ ಹಚ್ಚಬೇಕು. ಅವತ್ತು ನಾ ಬಯ್ಯೂದಿಲ್ಲ. ಯಾರು ತಂದ್ರು, ಯಾಕ ಕುಡದ್ರಿ, ಏನೂ ಕೇಳೂದಿಲ್ಲ. ಬಯ್ಯೂದೆಲ್ಲ ಮರುದಿನ."

"ಅಂದ್ರೆ ಅವತ್ತು ಬೈಗುಳಕ್ಕೆ ರಜೆ," ಎಂದ ಚೇತನ್, ಚಾಪೆಯ ಮೇಲಿಂದಲೇ. ಅಂದಿನಿಂದ ಅದಕ್ಕೆ ಅದೇ ಹೆಸರು.

ಶಿವು ಮಾತ್ರ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕುಳಿತಿದ್ದ. ಬಾ ಎಂದು ಕರೆದೆ.

"ನನಗ್ಯಾಕ ಆಯಿ? ನಮ್ಮ ಮನ್ಯಾಗ ಯಾರೂ ಅದನ್ನ ಮುಟ್ಟೂದಿಲ್ಲ."

ನಾನು ಚೇತನ್‌ನನ್ನು ಎಬ್ಬಿಸಿ ಚಾಪೆ ಸುತ್ತಿದೆ. ಮನೆಯ ಮಾತು, ಬೇರೆಯವರ ಮುಂದೆ ಎತ್ತುವಂಥದ್ದಲ್ಲ.

ಆ ವರ್ಷ ಕಾಫಿ ಕುಯ್ಲು ಮುಗಿಯಿತು. ಮಲ್ಲಂದೂರಿನ ಕಡೆ ಸಣ್ಣದೊಂದು ತೋಟವಿರುವ ರಕ್ಷಿತ್ ಎಂಬ ಸಹಪಾಠಿಯ ಮನೆಯಲ್ಲಿ ಕೆಲಸದವರಿಗೆಲ್ಲ ಕುಯ್ಲು ಮುಗಿದ ಊಟ. ಇಲ್ಲಿನ ತೋಟಗಳಲ್ಲಿ ಅದೊಂದು ಹಬ್ಬದ ಹಾಗೆಯೇ. ಇವರ ಗುಂಪನ್ನೂ ಕರೆದಿದ್ದರು. ಶಿವು ತಾನೂ ಬರುತ್ತೇನೆಂದ. ತೋಟ ನೋಡಬೇಕು, ಒಣಗಲು ಹಾಕಿದ ಕಾಫಿಯ ಫೋಟೊ ತೆಗೆಯಬೇಕು ಎಂದ. ಊರಲ್ಲಿ ಜೋಳದ ಕಣ ಕಂಡವನಿಗೆ ಕಾಫಿಯ ಕಣ ಹೇಗಿರುತ್ತದೋ ನೋಡಿ ಬರಲಿ ಎಂದು ಕಳಿಸಿದೆ.

ಮಧ್ಯಾಹ್ನ ನಾನು ಪಾತ್ರೆ ಒರೆಸಿ ಜೋಡಿಸುತ್ತಿದ್ದಾಗ ಫೋನ್ ಬಂತು.

"ಸಿಸ್ಟರಮ್ಮ, ನಾನು ಚೇತನ್. ಶಿವು..."

"ಏನಾತು?"

"ಕೂಗು ಹಾಕ್ದೆ. ಎಲ್ಲರೂ ಓ ಅಂದ್ರು, ಇವನದ್ದು ದನಿ ಇಲ್ಲ. ಅವನು ಕುಡಿಯಲ್ಲ ಮಾರಾಯ, ಎಲ್ಲೋ ಫೋಟೊ ತೆಗೀತಿರ್ತಾನೆ, ಬಿಡು ಅಂದ್ರು. ನಂಗೆ ಸರಿ ಕಾಣಲಿಲ್ಲ, ಹುಡುಕಿದ್ವಿ. ಕಣದ ಆಚೆ ಸ್ಟೋರಿನ ಹಿಂದುಗಡೆ ಬಿದ್ದಿದ್ದಾನೆ. ಪಕ್ಕದಲ್ಲಿ ಬಾಟಲಿ. ಖಾಲಿ. ಒಬ್ಬನೇ ಕುಡಿದಿದ್ದಾನೆ. ಬಾಯಲ್ಲಿ ಲವಂಗ ಇತ್ತು, ಅದನ್ನ ತೆಗೆದೆ."

ಕೈಯಲ್ಲಿದ್ದ ತಟ್ಟೆಯನ್ನು ಜಾಗದಲ್ಲಿ ಇಟ್ಟೆ. ಕೆಟ್ಟ ಸುದ್ದಿ ಬಂದಾಗ ನಾನು ಮಾಡುವ ಮೊದಲ ಕೆಲಸ, ಕೈಯಲ್ಲಿ ಇರುವುದನ್ನು ಜಾಗದಲ್ಲಿ ಇಡುವುದು.

"ಹೆಂಗ ಬಿದ್ದಿದ್ದ?"

"ಅಂಗಾತ. ಪಕ್ಕಕ್ಕೆ ಹೊರಳಿಸಿದ್ದೀನಿ, ನೀವು ಹೇಳಿಕೊಟ್ಟ ಹಾಗೆ."

"ಹೆಸರು ಹಿಡದು ಕರದ್ರ ಕಣ್ಣು ತೆರೀತಾನೇನು?"

"ಇಲ್ಲ."

"ಹೆಗಲ ಮ್ಯಾಲೆ ಜೋರಾಗಿ ತಟ್ಟು."

ಸ್ವಲ್ಪ ಹೊತ್ತು ಗಾಳಿಯ ಸದ್ದು. ಹಿಂದಿನಿಂದ ವಯಸ್ಸಾದ ಹೆಂಗಸಿನ ದನಿ: "ಪಾಪ, ಏಳ್ಸಿ ಕೂರ್ಸಿ ಮಗಾ, ಕಡು ಕಾಫಿ ತಂದಿದ್ದೀನಿ, ಒಂದು ಲೋಟ ಹೋದ್ರೆ ಎಲ್ಲಾ ಇಳಿಯತ್ತೆ." ಚೇತನ್ ಹೇಳಿದ್ದು ಕೇಳಿಸಿತು: "ಬೇಡ ಅಜ್ಜಿ, ದಯವಿಟ್ಟು. ನೆತ್ತಿಗೆ ಹತ್ತತ್ತೆ. ಆ ಕಂಬಳಿ ಕೊಡಿ, ಅದು ಬೇಕು." ಮತ್ತೆ ನನಗೆ: "ನರಳಿದ ಅಷ್ಟೇ, ಕಣ್ಣು ಬಿಡಲಿಲ್ಲ. ಮೈ ತಣ್ಣಗಿದೆ. ಉಸಿರು ಇದೆ, ಆದ್ರೆ ನಿಂತು ನಿಂತು ಬರ್ತಿದೆ."

"೧೦೮?"

"ರಕ್ಷಿತ್ ಮಾಡಿದ. ಮೇಲಿನ ತನಕ ಗಾಡಿ ಹತ್ತಲ್ಲ, ಟಾರ್ ರೋಡಿಗೆ ಬರ್ತೀವಿ ಅಂದ್ರು. ನಾವು ಜೀಪಲ್ಲಿ ಇಳಿಸ್ತೀವಿ."

"ಜೀಪಿನ್ಯಾಗೂ ಪಕ್ಕಕ್ಕ ಇರಬೇಕು. ತಲಿ ನಿನ್ನ ಕೈಯಾಗ ಇರಲಿ. ಉಸಿರು ನೋಡ್ಕೋತ ಇರು. ಫೋನ್ ಇಡಬ್ಯಾಡ."

ಫೋನನ್ನು ಅವನು ಇಡಲಿಲ್ಲ. ಗುಡ್ಡದ ತಿರುವಿನಲ್ಲಿ ನೆಟ್‌ವರ್ಕ್ ತಾನೇ ಹೋಯಿತು. ಅಷ್ಟರಲ್ಲಿ ಲಿಲ್ಲಿ ಬಾಯಿ, ಹೊರಗೆ ಓಡಿ ಬಂದ ನನ್ನ ಮುಖ ನೋಡಿ ಆಟೋ ನಿಲ್ಲಿಸಿದ್ದರು. ಏನೆಂದು ಕೇಳಲಿಲ್ಲ. ಜಿಲ್ಲಾ ಆಸ್ಪತ್ರೆಯವರೆಗೆ ನನ್ನ ಪಕ್ಕ ಕುಳಿತು ಜಪಮಾಲೆ ಹಿಡಿದಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾಯುವವರನ್ನು ನನ್ನ ಜೀವನದಲ್ಲಿ ಎಷ್ಟೋ ಜನರನ್ನು ಪಕ್ಕಕ್ಕೆ ಸರಿಸಿದ್ದೇನೆ, ದಾರಿ ಬಿಡಿ ಎಂದು ಗದರಿದ್ದೇನೆ. ಅಂದು ನಾನೇ ಆ ಬಾಗಿಲಲ್ಲಿ ನಿಂತೆ. ಬದುಕುತ್ತಾನೆಯೇ ಎಂಬುದು ಒಂದು. ಬದುಕಿದರೆ ಅವನ ಅಪ್ಪನಿಗೆ ಏನು ಹೇಳುವುದೆಂಬುದು ಇನ್ನೊಂದು. ಎರಡನೆಯದನ್ನು ಆಮೇಲೆ ನೋಡೋಣವೆಂದು ಮನಸ್ಸಿನಲ್ಲೇ ಬದಿಗಿಟ್ಟೆ.

ಆಂಬುಲೆನ್ಸ್ ಬಂತು. ಚೇತನ್‌ನ ಅಂಗಿ ತುಂಬ ವಾಂತಿ. ಅದನ್ನು ನೋಡಿ ನನಗೆ ಸಮಾಧಾನವಾಯಿತೆಂದರೆ ನೀವು ನಗುತ್ತೀರಿ. ಆದರೆ ಅದು ಶಿವುವಿನ ಎದೆಯೊಳಗೆ ಇಳಿಯದೆ ಚೇತನ್‌ನ ಅಂಗಿಯ ಮೇಲೆ ಇತ್ತು. ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಲೈನ್ ಹಾಕಿ, ಆಮ್ಲಜನಕ ಕೊಟ್ಟು, ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಕೇಳಿದರು: "ಪಕ್ಕಕ್ಕೆ ಮಲಗಿಸಿದ್ದು ಯಾರು?"

ಚೇತನ್ ತಪ್ಪು ಮಾಡಿದವನ ಹಾಗೆ ಕೈ ಎತ್ತಿದ.

"ಒಳ್ಳೇದು ಮಾಡಿದ್ರಿ. ವಾಂತಿ ಒಳಗೆ ಹೋಗಿದ್ರೆ ಕಷ್ಟ ಆಗ್ತಿತ್ತು. ಇನ್ನು ಸ್ವಲ್ಪ ತಡ ಆಗಿದ್ರೂ ಅಷ್ಟೇ."

ಹುಡುಗ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತು ಅತ್ತುಬಿಟ್ಟ. ಲಿಲ್ಲಿ ಬಾಯಿ ತಮ್ಮ ಸೆರಗಿನಿಂದ ಅವನ ಮುಖ ಒರೆಸಿದರು. ನಾನು ಅವನ ತಲೆಯ ಮೇಲೆ ಕೈ ಇಟ್ಟೆ. ಧನ್ಯವಾದ ಎನ್ನುವ ಮಾತು ನಮ್ಮ ಕಡೆ ಬಾಯಿಂದ ಬರುವುದಿಲ್ಲ, ನಿಮಗೆ ಗೊತ್ತು. ಈ ಬರಹದಲ್ಲಿ ಬರೆಯುತ್ತಿದ್ದೇನೆ, ಅವನು ಓದಲಿ.

ಸಂಜೆಯ ಹೊತ್ತಿಗೆ ಶಿವು ಕಣ್ಣು ಬಿಟ್ಟ. ನನ್ನನ್ನು ಗುರುತಿಸಿದ. ಆಡಿದ ಮೊದಲ ಮಾತು, "ಆಯಿ, ಅಪ್ಪಗ..."

"ಇವತ್ತು ರಜಾ," ಎಂದೆ. "ಮಲಕೋ."

ಮರುದಿನ ರಜೆ ಮುಗಿಯಿತು. ಬೈಯಬೇಕಾದಷ್ಟು ಬೈದೆ. ಬೈದು ಮುಗಿಸಿ ಫೋನನ್ನು ಅವನ ಕೈಗೇ ಕೊಟ್ಟೆ. "ನಿಮ್ಮ ಅಪ್ಪಗ ನೀನ ಹೇಳು. ನಾ ಹೇಳಿದ್ರ ಅದು ಚಾಡಿ, ನೀ ಹೇಳಿದ್ರ ಮಾತು." ಬಹಳ ಹೊತ್ತು ಫೋನ್ ಹಿಡಿದು ಕುಳಿತಿದ್ದ. ಆಮೇಲೆ ಮಾಡಿದ.

ಮಹಾಂತೇಶ ಸಿಕ್ಕ ಬಸ್ಸು ಹತ್ತಿ ಬಂದ. ಚಪ್ಪಲಿ ಬಿಡುವ ಮೊದಲೇ ಮಗನ ಸೂಟ್‌ಕೇಸ್ ಎಲ್ಲಿದೆ ಎಂದು ಕೇಳಿದ. ಚಹಾ ಮುಟ್ಟಲಿಲ್ಲ. ಶಿವು ಗೋಡೆಗೆ ಒರಗಿ ನಿಂತಿದ್ದ. ಹುಡುಗರು ಮೆಟ್ಟಿಲ ಮೇಲೆ.

"ಯಾರು ಕುಡಿಸಿದ್ರು, ಹೇಳು. ಇವರೊಳಗ ಯಾರು?"

"ಯಾರೂ ಕುಡಸ್ಲಿಲ್ಲ ಅಪ್ಪ."

"ಮತ್ತ ಯಾರು ಕಲಸಿದ್ರು? ಈ ಊರಿನ ನೀರ ಹಂತಾದು. ಅವಾಗ ಹೇಳಿದ್ದೆ ನಾ."

"ಈ ಊರಾಗ ಹಂಗ ಕುಡಿಯೂದಿಲ್ಲ ಅಪ್ಪ," ಎಂದ ಶಿವು. ದನಿ ಸಣ್ಣದಿತ್ತು, ಆದರೆ ನಿಲ್ಲಲಿಲ್ಲ. "ಇವರು ಉಂಡು, ಕುಂತು, ಎಲ್ಲಾರ ಮುಂದ ಕುಡೀತಾರ. ನನಗೂ ಒಂದ್ಸಲ ಹೆಂಗಿರ್ತೈತಿ ನೋಡಬೇಕಂತ ಆತು. ಇವರ ಮುಂದ ಕುಡಿಯಾಕ ನಾಚಿಕಿ. ಇವರ ಚೀಲದಾಗಿಂದ ಒಂದು ಬಾಟ್ಲಿ ತಗೊಂಡು ಹೋದೆ. ಅಜ್ಜ ಬಣವಿ ಹಿಂದ ಹೆಂಗ ಕುಡೀತಾನ, ಹಂಗ ಕುಡದೆ. ನಿಂತು, ಒಂದ ಸಲಕ್ಕ, ಯಾರೂ ಬರೂದ್ರಾಗ ಮುಗಿಸಿಬಿಡಬೇಕಂತ. ಲವಂಗ ಊರಿಂದ ತಂದಿದ್ದು."

ನಮ್ಮ ಮನೆತನದಲ್ಲಿ ಆ ಬಣವಿಯ ಮಾತು ಮೊದಲ ಸಲ ಗಟ್ಟಿಯಾಗಿ ಆಡಿದ್ದು ಆ ದಿನ, ಊರಿಂದ ಅಷ್ಟು ದೂರದ ಬಾಡಿಗೆ ಮನೆಯಲ್ಲಿ.

ಮಹಾಂತೇಶ ಕುರ್ಚಿಯಲ್ಲಿ ಕುಳಿತ. ತಣ್ಣಗಾದ ಚಹಾವನ್ನೇ ಎತ್ತಿಕೊಂಡ. ಆಮೇಲೆ ಮೆಟ್ಟಿಲ ಕಡೆ ನೋಡಿ, "ಹುಡುಕಿದಾಂವ ಯಾರಪಾ?" ಎಂದು ಕೇಳಿದ. ಚೇತನ್ ಎದ್ದು ನಿಂತ.

"ನೀ ಕುಡಿಯೂದಿಲ್ಲೇನು?"

ಚೇತನ್‌ನ ಕಿವಿ ಕೆಂಪಾಯಿತು. "ಕುಡೀತೀನಿ ಸರ್, ಯಾವಾಗಾದ್ರೂ. ಅವತ್ತು ನಾನು ಮೇಸ್ತ್ರಿ."

ಮೇಸ್ತ್ರಿ ಎಂದರೇನೆಂದು ಅವನೇ ಮತ್ತೊಮ್ಮೆ ವಿವರಿಸಿದ, ತಡವರಿಸುತ್ತ, ತೋಟದಿಂದ ಶುರು ಮಾಡಿ. ಮಹಾಂತೇಶ ಎಲ್ಲವನ್ನೂ ಕೇಳಿದ. "ಕುಡಿಯದಾವನನ್ನೂ ಕರದ್ಯಂತಲ್ಲ?" ಎಂದ.

"ಬಂದವರನ್ನೆಲ್ಲ ಕರೀಬೇಕು ಸರ್. ಕುಡಿದವರನ್ನು ಮಾತ್ರ ಕರೆದಿದ್ರೆ ಇವನು ಸಿಕ್ತಿರಲಿಲ್ಲ."

ಅಂದು ಮಹಾಂತೇಶ ಮಗನ ಸೂಟ್‌ಕೇಸ್ ಇಲ್ಲದೆ ಹೋದ. ಹೋಗುವಾಗ ಚೇತನ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಬೇಸಿಗೆಯಲ್ಲಿ ಶಿವುವಿನ ಅಕ್ಕನ ನಿಶ್ಚಯಕ್ಕೆ ನಾವಿಬ್ಬರೂ ಊರಿಗೆ ಹೋದೆವು. ಬಸ್ಸಿನಿಂದ ಇಳಿದಾಗ ಮುಖಕ್ಕೆ ಹೊಡೆದ ಬಿಸಿ ಗಾಳಿ ನನಗೆ ಅಮ್ಮನ ಕೈಯ ಹಾಗೆ ಅನಿಸಿತು. ಬಟ್ಟೆ ಒಣಗಿತು, ಉಪ್ಪು ಉಪ್ಪಿನ ಹಾಗೆ ಇತ್ತು. ಹೊಸ ಜೋಳದ ರೊಟ್ಟಿ ತಿಂದು ಕಣ್ಣು ತುಂಬಿತು. ಆದರೆ ಮರುದಿನವೇ ಗಂಟಲು ಒಣಗಿ, ಮಂಜು ಎಲ್ಲಿ ಎಂದು ಬೆಳಿಗ್ಗೆ ಕಿಟಕಿ ತೆರೆದು ನೋಡಿದೆ. ಅಂಗಡಿಯಲ್ಲಿ ಈರುಳ್ಳಿ ಕೇಳಿ ನಗೆಪಾಟಲಾದೆ. ಅತ್ತಿಗೆ,  "ಅಲ್ಲಿಯವಳ ಆಗಿಬಿಟ್ಟಿ ನೀನು," ಎಂದು ಛೇಡಿಸಿದಳು. ಚಿಕ್ಕಮಗಳೂರಿನ ಅಂಗಡಿಯವರು ಇಂದಿಗೂ ನನ್ನನ್ನು ಬಯಲುಸೀಮೆಯ ಅಮ್ಮ ಎಂದೇ ಕರೆಯುತ್ತಾರೆ.

ನಿಶ್ಚಯದ ಊಟ ಮುಗಿಯಿತು. ಗಂಡಸರ ಸಾಲು ತೆಳುವಾಗತೊಡಗಿತು. ನನ್ನ ಅಣ್ಣನಿಗೆ ವಯಸ್ಸಾಗಿದೆ, ರಕ್ತದೊತ್ತಡಕ್ಕೆ ಗುಳಿಗೆ ನುಂಗುತ್ತಾನೆ. ಅವನ ಕುರ್ಚಿ ಖಾಲಿ ಇತ್ತು. ಹೆಂಗಸರು ಎಂದಿನ ಹಾಗೆ ಎಲೆ ಎತ್ತುತ್ತಿದ್ದರು. ನಾನು ಶಿವುವಿನ ಮುಖ ನೋಡಿದೆ. ಅವನು ಆಗಲೇ ಎದ್ದು ಅಂಗಳದ ನಡುವೆ ಹೋಗಿ ನಿಂತಿದ್ದ. ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದು "ಕೂ..." ಎಂದ, ಗುಡ್ಡದಿಂದ ಗುಡ್ಡಕ್ಕೆ ಹೋಗುವ ಹಾಗೆ.

ಬೀಗರು ಬೆಚ್ಚಿ ನೋಡಿದರು. "ಏನೋ ಇದು, ನರಿ ಹಂಗ?" ಎಂದು ಯಾರೋ ನಕ್ಕರು. ಶಿವು ನಗಲಿಲ್ಲ. ಬಂದವರ ಹೆಸರನ್ನೆಲ್ಲ ಹಿಡಿದು ಕರೆಯತೊಡಗಿದ. ಅಕ್ಕನನ್ನು ಕರೆದ, ಅವಳು ನಾಚುತ್ತ "ಓ" ಎಂದಳು. ಅತ್ತೆಯರನ್ನು ಕರೆದ, ಮಕ್ಕಳನ್ನು ಕರೆದ. ಮಕ್ಕಳಿಗೆ ಅದು ಆಟವಾಗಿ ಎರಡೆರಡು ಸಲ ಓ ಎಂದವು. ಅಪ್ಪನನ್ನು ಕರೆದ. ಮಹಾಂತೇಶ ಕಂಬಕ್ಕೆ ಒರಗಿ ನಿಂತಿದ್ದವನು, ಎಲ್ಲರಿಗೂ ಕೇಳುವ ಹಾಗೆ "ಓ" ಎಂದ.

"ಅಜ್ಜಾ..."

ಎಲೆ ಎತ್ತುವ ಕೈಗಳು ನಿಂತವು. ಬಣವಿಯ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಅಜ್ಜಾ... ಎಲ್ಲೇ ಇರು, ಓ ಅನ್ನು. ಅಷ್ಟ ಸಾಕು."

ಆಮೇಲೆ ಜೋಳದ ದಂಟಿನ ಆಚೆಯಿಂದ, ಗಂಟಲು ಸರಿಮಾಡಿಕೊಂಡು, ಮುದಿ ದನಿಯೊಂದು ಬಂತು. "ಓ."

ಶಿವು ತಲೆಯಾಡಿಸಿದ, ಸರಿ ಎನ್ನುವ ಹಾಗೆ. ಅಲ್ಲಿಗೆ ಹೋಗಲಿಲ್ಲ, ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿ ಕೊನೆಯ ಹೆಸರು ಕರೆದ.

"ಆಯಿ..."

ನಾನು ಅವನ ಎದುರಿಗೇ ಇದ್ದೆ, ನಾಲ್ಕು ಹೆಜ್ಜೆಯ ದೂರದಲ್ಲಿ. ಮೆಲ್ಲಗೆ ಹೇಳಿದರೂ ಸಾಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು ತೋಟದವರ "ಓ...", ಗಿಡಗಳ ಸಾಲಿನೊಳಗಿಂದ ಇಳಿಜಾರಿನ ಆಚೆಯ ಜೀಪಿನವರೆಗೆ ಮುಟ್ಟಬೇಕಾದ್ದು. ಊರವರೆಲ್ಲ ತಿರುಗಿ ನನ್ನನ್ನೇ ನೋಡಿದರು, ಯಾರೋ ಹೊಸಬರನ್ನು ನೋಡುವ ಹಾಗೆ.